ಕವಡೆ ಕಟ್ಟಿದ ಚಕ್ರ

ಸಾರಕ್ಕಿಯ ನಮ್ಮ ಭಾವ ಬೈರಣ್ಣ ಬೆಟ್ಟ ಕಂಡು ಹೆದರಿ ಬಂದವನು ಅಂತ ಯಾರಾದರೂ ಅಂದರೆ ನನಗೆ ಈಗಲೂ ಮೈ ಉರಿಯುತ್ತದೆ. ಎರಡು ಹಾಲಿನ ಕ್ಯಾನು ಕಟ್ಟಿಕೊಂಡು ಜಯನಗರದ ಏರನ್ನು ಸೈಕಲ್ಲಿನಲ್ಲಿ ಹತ್ತುತ್ತಿದ್ದ ಮನುಷ್ಯ ಅವನು. ಖಾಲಿ ಸೈಕಲ್ಲಿನ ಹುಡುಗರು ಹಿಂದೆ ಏದುಸಿರು ಬಿಡುತ್ತಿದ್ದರು. ಅವರಲ್ಲೊಬ್ಬ ಅನಂತಪದ್ಮನಾಭ, ಬಟ್ಟೆ ಅಂಗಡಿಯವರ ಮಗ. ಭಾವನನ್ನು ರೇಸಿಗೆ ಎಳೆದದ್ದು ಅವನೇ. ಇಬ್ಬರೂ ಒಂದೇ ತಟ್ಟೆಯಲ್ಲಿ ಉಂಡವರು.

ಎಂಬತ್ತೊಂದರಲ್ಲಿ ಇಬ್ಬರಿಗೂ ಪೂರ್ವ ಸಮುದ್ರದ ಒಂದು ದ್ವೀಪಕ್ಕೆ ಹೋಗುವ ಯೋಗ ಬಂತು. ದ್ವೀಪವೆಲ್ಲ ಬೆಟ್ಟ, ಊರಿಂದೂರಿಗೆ ವಾರವಿಡೀ ಸೈಕಲ್ ಓಟ. ಅನಂತು ತಂಡದ ನಾಯಕ. ಓಟ ಪೂರ್ತಿ ಮುಗಿಸಿ ಬಂದ ನಮ್ಮ ಕಡೆಯ ಹುಡುಗನಿಗೆ ಒಂದು ಕಾಯಂ ಕೆಲಸ ಅಂತ ಬೊಮ್ಮನಹಳ್ಳಿ ಕಡೆಯ ಒಂದು ಕಾರ್ಖಾನೆಯವರು ಮಾತು ಕೊಟ್ಟಿದ್ದರು. ತನಗೆ ಅಂಗಡಿಯಿದೆ, ಆ ಕೆಲಸ ಬೈರನಿಗೇ ಅಂತ ಅನಂತು ನಮ್ಮ ಜಗಲಿ ಮೇಲೆ ಕೂತು ಹೇಳಿದ್ದ. ನಮ್ಮಕ್ಕ ಗೋವಿಂದಮ್ಮ ಮಾರಮ್ಮನಿಗೆ ಪೂಜೆ ಮಾಡಿಸಿ, ಗಂಡನ ಸೈಕಲ್ಲಿನ ಮುಂಚಕ್ರದ ನಡುವಿಗೆ ಅಂಚು ಮುರಿದ ಕವಡೆಯೊಂದನ್ನು ಕರಿದಾರದಲ್ಲಿ ಕಟ್ಟಿದಳು.

ಕಡೇ ದಿನದ ಬೆಟ್ಟ. ಕೆಳಗೆ ಬಾಳೆ, ಕಬ್ಬು. ಮೇಲೆ ಮೋಡ, ಹಲ್ಲು ಕಟಕಟಿಸುವ ಚಳಿ. ಅರ್ಧ ಏರಿನಲ್ಲಿ ಅನಂತುವಿನ ಮುಂದಿನ ಟೈರು ಒಡೆಯಿತು. ಸಾಮಾನಿನ ವ್ಯಾನು ಎಲ್ಲೋ ಹಿಂದಿತ್ತು. ಇಂಥ ಹೊತ್ತಲ್ಲಿ ಜೊತೆಗಾರ ತನ್ನ ಚಕ್ರ ಬಿಚ್ಚಿ ನಾಯಕನಿಗೆ ಕೊಡಬೇಕು, ಅದು ಆ ಆಟದ ಧರ್ಮ. ಕೊಟ್ಟು ಕೂತರೆ ಗಡುವು ಮೀರಿ ಓಟದಿಂದ ಹೊರಬೀಳುತ್ತೇನೆ, ಕೆಲಸವೂ ಹೋದೀತು ಅಂತ ಭಾವ ಅಳುಕಿದ.

“ಕೊಡು ಬೈರ. ನೀನು ಚಕ್ರ ಕೊಟ್ಟೆ ಅಂತ ಕಾರ್ಖಾನೆಯೋರ್ಗೆ ನಾನೇ ಹೇಳ್ತೀನಿ. ನಮ್ಮಮ್ಮನಾಣೆ,” ಅಂದ ಅನಂತು.

ಭಾವ ಕೊಟ್ಟ. ವ್ಯಾನು ಬರುವ ಹೊತ್ತಿಗೆ ಗಡುವು ಮೀರಿತ್ತು.

ಓಟ ಮುಗಿಸಿ ಬಂದ ಅನಂತುವಿಗೆ ಜಯನಗರದಲ್ಲಿ ಸನ್ಮಾನ ನಡೆಯಿತು. ಕಾರ್ಖಾನೆಯವರು ಬೈರಣ್ಣನ ವಿಷಯ ಕೇಳಿದರೆ, ಪಾಪ, ಅವನು ಬೆಟ್ಟ ನೋಡಿಯೇ ಕೈಚೆಲ್ಲಿ ಕೂತ ಅಂತ ಅನಂತು ಮೈಕಿನಲ್ಲೇ ಹೇಳಿದ. ಅಂಗಡಿ ಅವನ ಅಣ್ಣನ ಪಾಲಾಗಿತ್ತಂತೆ. ಕೆಲಸಕ್ಕೆ ತಾನೇ ಸೇರಿಕೊಂಡ. ನಂಬಿಸಿ ಕತ್ತು ಕೊಯ್ಯುವುದು ಅಂದರೆ ಇದೇ. ಭಾವ ಮತ್ತೆ ಹಾಲಿನ ಕ್ಯಾನಿಗೆ ಬಂದ. ನಡೆದದ್ದನ್ನು ಹೇಳಿದರೆ ಅಕ್ಕನೂ ನಂಬಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅಂತ ಗಂಡನನ್ನೇ ಹಂಗಿಸುತ್ತಿದ್ದಳು.

ಕೆಲವು ವರ್ಷದ ಮೇಲೆ ಅನಂತು ಜೆ.ಪಿ. ನಗರದಲ್ಲಿ ಮನೆ ಕಟ್ಟಿ, ತಿಂಗಳ ಲೆಕ್ಕದಲ್ಲಿ ದಿನವೂ ನಮ್ಮಿಂದಲೇ ವರ್ತನೆ ಹಾಲು ಹಾಕಿಸಿಕೊಳ್ಳತೊಡಗಿದ. ನಾಚಿಕೆಗೆಟ್ಟವನು, ಆಯುಧಪೂಜೆಗೂ ಕರೆದ. ನಾವು ಮೂವರೂ ಹೋದೆವು. ಹಜಾರದ ಗೋಡೆಯಲ್ಲಿ ಒಂದು ಚಕ್ರ, ಅದಕ್ಕೆ ಚೆಂಡುಹೂವಿನ ಹಾರ. ತಾನು ಬೆಟ್ಟ ಗೆದ್ದದ್ದು ಇದರಲ್ಲೇ ಅಂತ ಅವನು ನೆಂಟರಿಗೆ ತೋರಿಸುತ್ತಿದ್ದ. ನಡುವಿನಲ್ಲಿ ಬಣ್ಣಗೆಟ್ಟ ದಾರ, ಅಂಚು ಮುರಿದ ಕವಡೆ. ಅಕ್ಕ ಅದನ್ನೇ ನೋಡುತ್ತ ನಿಂತಳು.

“ಇದು ಯಾರ್ ಚಕ್ರ ಅಂತ ಹೇಳಿ ಸಾರ್. ಒಂದೇ ಸಲ, ನಮ್ಮೋಳ್ ಮುಂದೆ,” ಅಂದ ಭಾವ. ಅನಂತುವನ್ನು ಅವನು ಸಾರ್ ಅಂದದ್ದು ಅವತ್ತೇ ಮೊದಲು.

ಅನಂತು ನಕ್ಕು, ಪಾಪ ಇವನಿಗೆ ಇನ್ನೂ ಅದೇ ಕೊರಗು ಅಂದ. ಭಾವ ಅಕ್ಕನ ಕಡೆ ತಿರುಗಿದ. ಅವಳು ಒಂದು ಮಾತು ಆಡಿದ್ದರೆ ಸಾಕಿತ್ತು.

“ಇವ್ರ ಮಾತಿಗೆ ಬೇಜಾರ್ ಮಾಡ್ಕೋಬೇಡಿ ಸಾರ್,” ಅಂದಳು ಅಕ್ಕ, ಅನಂತುವಿಗೆ.

ದಾರಿಯಲ್ಲಿ ಅತ್ತಳು. ಕವಡೆ ಗುರುತು ಹತ್ತಿತು, ಆದರೂ ವರ್ತನೆ ಮನೆ ಅಲ್ಲವಾ, ಹಾಲು ನಿಲ್ಲಿಸಿಬಿಟ್ಟರೆ ಅಂದಳು. ಮರುದಿನ ಬೆಳಿಗ್ಗೆ ಭಾವ ಆ ಮನೆಯ ಹಾಲನ್ನು ಬೇರೆ ಅಳೆದು, ಪಾತ್ರೆಯನ್ನು ಅವಳ ಮುಂದಿಟ್ಟ.

“ನಿನ್ ವರ್ತನೆ ಮನೆ. ನೀನೇ ಹೋಗಿ ಹಾಕು.”