ಶಾಮಲಕ್ಕನ ಕಾರ್ಪೆಟ್ಟಿಗೆ ಹೊಸ ಮೆಷಿನ್

ಶಿವಾರಪಟ್ಟಣದಲ್ಲಿ ನೆಲಕ್ಕೆ ಕಾರ್ಪೆಟ್ ಹಾಸಿಕೊಂಡು ಬದುಕುವ ಮನೆ ಒಂದೇ, ಅದು ನಮ್ಮ ಶಾಮಲಕ್ಕನದು. ಊರಿಗೆ ಊರೇ ಕಲ್ಲು ಕೆತ್ತುತ್ತದೆ. ಬೆಳಗಾದರೆ ಉಳಿಯ ಸದ್ದು, ಕಲ್ಲು ಕೊಯ್ಯುವ ಸದ್ದು, ತುಳಸಿ ಗಿಡದ ಮೇಲೂ ಬಿಳಿ ಪುಡಿ. ಇಂಥ ಊರಲ್ಲಿ ಗೋಡೆಯಿಂದ ಗೋಡೆಗೆ ಕೆಂಪು ಕಾರ್ಪೆಟ್ ಹಾಸುವವಳಿಗೆ ತಲೆ ನೆಟ್ಟಗಿದೆಯೇ ಎಂದು ನೀವು ಕೇಳಬಹುದು. ನಾನಂತೂ ಮುಖಕ್ಕೇ ಕೇಳಿದ್ದೇನೆ. ನಾನು ಅವಳ ವಾರಗಿತ್ತಿ ಸುನಂದ. ಎರಡು ಮನೆಗೂ ನಡುವೆ ಇರುವುದು ಒಂದೇ ಗೋಡೆ, ಕೇಳುವ ಹಕ್ಕು ನನಗಿದೆ.

ಅವಳ ಗಂಡ ಕದಿರೇಶಾಚಾರಿ, ಅಂದರೆ ನಮ್ಮ ಬಾವ, ಮಾಲೂರಿನ ಒಂದು ಕಲ್ಯಾಣ ಮಂಟಪಕ್ಕೆ ಗಣಪತಿ ಕೆತ್ತಿಕೊಟ್ಟಿದ್ದರು. ಮಂಟಪದವರು ಖುಷಿಯಾಗಿ, ಹಾಸಿ ಉಳಿದಿದ್ದ ಕಾರ್ಪೆಟ್ ಸುರುಳಿಯನ್ನು ಗಾಡಿಗೆ ಹಾಕಿ ಕಳಿಸಿದರು. ಕಲ್ಲು ನೆಲದಲ್ಲಿ ಓಡಾಡಿ ಹಿಮ್ಮಡಿಯೆಲ್ಲ ಬಿರುಕು ಬಿಟ್ಟಿದ್ದ ಶಾಮಲಕ್ಕ ಅದರ ಮೇಲೆ ಒಂದು ಹೆಜ್ಜೆ ಇಟ್ಟವಳೇ, "ಅಯ್ಯೋ ಸುನಂದ, ಬೆಣ್ಣೆ ಮೇಲೆ ನಿಂತಂಗಿದೆ ಕಣೇ!" ಎಂದಳು. ಅಲ್ಲಿಗೆ ಮುಗಿಯಿತು. ಅವತ್ತಿನಿಂದ ಆ ಮನೆಗೆ ಯಾರು ಹೋದರೂ ಬಚ್ಚಲಲ್ಲಿ ಕಾಲು ತೊಳೆದು, ಒರೆಸಿಕೊಂಡು, ಆಮೇಲೆ ಒಳಗೆ.

ಧೂಳಿಗೆಂದು ಆಗಲೇ ಒಂದು ವ್ಯಾಕ್ಯೂಮ್ ಕ್ಲೀನರ್ ತಂದಿದ್ದರು. ಕಲ್ಲಿನ ಪುಡಿ ಕುಡಿದು ಕುಡಿದು ಅದು ಈ ಸಲದ ಯುಗಾದಿಯ ಹಿಂದೆಮುಂದೆ ಹೊಗೆ ಬಿಟ್ಟು ಪ್ರಾಣ ಬಿಟ್ಟಿತು. ಸರಿಯಾಗಿ ಅದೇ ಹೊತ್ತಿಗೆ ಮುಳಬಾಗಿಲಿನಿಂದ ಬೀಗಿತ್ತಿ ತುಳಸಮ್ಮ ಬರಬೇಕೆ? ಶಾಮಲಕ್ಕನ ಒಬ್ಬಳೇ ಮಗಳು ರಂಜಿತಳನ್ನು ಅವರ ಮಗನಿಗೆ ಕೊಟ್ಟಿದೆ. ತುಳಸಮ್ಮ ಬೆರಳಲ್ಲಿ ಕಾರ್ಪೆಟ್ ಸವರಿ, ಬೆರಳನ್ನು ಬೆಳಕಿಗೆ ಹಿಡಿದು ನೋಡಿ, "ಶಾಮಲಮ್ನೋರೇ, ವಂಶಿ ಈಗ ಅಂಬೆಗಾಲಿಡ್ತಾನೆ. ಸಿಕ್ಕಿದ್ದೆಲ್ಲ ಬಾಯಿಗೇ. ಈ ಧೂಳಲ್ಲಿ ನಾನು ಮಗೂನ ಬಿಡಲ್ಲಪ್ಪ" ಎಂದುಬಿಟ್ಟರು.

ವಂಶಿಕೃಷ್ಣ ರಂಜಿತಳ ಮಗ. ಬಾಣಂತನ ಮುಗಿಸಿ ಹೋದಾಗ ಮಗ್ಗುಲಾಗುವುದಕ್ಕೇ ತಿಣುಕುತ್ತಿದ್ದ ಮಗು. ಮಾವಿನ ಕಾಲಕ್ಕೆ ಬರುತ್ತಾನೆ, ಈ ಕಾರ್ಪೆಟ್ ತುಂಬ ಹರಿದಾಡುತ್ತಾನೆ ಎಂದು ಶಾಮಲಕ್ಕ ದಿನ ಎಣಿಸುತ್ತಿದ್ದಳು. ಬೀಗಿತ್ತಿಯನ್ನು ಬಸ್ಸು ಹತ್ತಿಸಿ ಬಂದವಳು ಗೋಡೆಗೊರಗಿ ಕೂತು ಅತ್ತಳು. "ಕಾರ್ಪೆಟ್ ಸುತ್ತಿ ಅಟ್ಟಕ್ಕೆ ಹಾಕು, ಆಯ್ತಲ್ಲ" ಎಂದೆ. "ಮಗು ಕಲ್ಲಿನ ಮೇಲೆ ಬಿದ್ರೆ ಮಂಡಿ ಒಡೆಯಲ್ವೇನೇ? ಹೊಸ ಮೆಷಿನ್ನೇ ತರ್ತೀನಿ. ಬೀಗಿತ್ತಿ ಭೂತಗನ್ನಡಿ ಹಿಡಿದು ನೋಡಿದ್ರೂ ಧೂಳು ಸಿಗಬಾರದು" ಎಂದಳು.

ಹಾಗೆ ಶಾಮಲಕ್ಕ, ಬಾವ, ನಾನು ಮೂವರೂ ಕೋಲಾರದ ಬಸ್ಸು ಹತ್ತಿದೆವು. ಶಾಮಲಕ್ಕನ ಚೀಲದಲ್ಲಿ ಕಾರ್ಪೆಟ್ಟಿನ ಒಂದು ತುಂಡು ಮತ್ತು ಹಾರ್ಲಿಕ್ಸ್ ಬಾಟಲಿಯ ತುಂಬ ನಮ್ಮ ಅಂಗಳದ ಕಲ್ಲಿನ ಪುಡಿ. ಬಾವನ ಜೇಬಿನಲ್ಲಿ ಏನಿತ್ತೆಂದು ಅಂಗಡಿಯಲ್ಲೇ ಗೊತ್ತಾಗಿದ್ದು.

ಅಂಗಡಿಯಲ್ಲಿ ಅನಿತ ಎನ್ನುವ ಹುಡುಗಿ ಒಂದೊಂದೇ ಮೆಷಿನ್ ತೋರಿಸುತ್ತ ವ್ಯಾಟು, ಲೀಟರು ಎಂದು ಹೇಳುತ್ತಿದ್ದಳು. ಬಾವ ಜೇಬಿನಿಂದ ಪುಟ್ಟ ಸುತ್ತಿಗೆ ತೆಗೆದು ಟಕ್ ಎಂದು ಮೊದಲನೆಯದಕ್ಕೆ ಕುಟ್ಟಿದರು. ಆ ಹುಡುಗಿ ಹೌಹಾರಿದಳು. ನಮ್ಮಲ್ಲಿ ಕಲ್ಲು ಆರಿಸುವುದೇ ಹಾಗೆ. ಕುಟ್ಟಿದರೆ ಗಂಟೆಯ ಹಾಗೆ ನಾದ ಬಂದರೆ ಗಂಡು ಕಲ್ಲು, ದೇವರಿಗೆ. ಕಂಚಿನ ನಾದವಾದರೆ ಹೆಣ್ಣು ಕಲ್ಲು, ದೇವಿಗೆ. ನಾದವೇ ಇಲ್ಲದ್ದು ಪಾದದ ಕೆಳಗಿನ ಚಪ್ಪಡಿಗೆ. ಪ್ಲಾಸ್ಟಿಕ್ ಮೆಷಿನ್ನುಗಳನ್ನೆಲ್ಲ ಬಾವ ಚಪ್ಪಡಿಗೆ ಸೇರಿಸಿದರು. ಮೂಲೆಯಲ್ಲಿ ಒಂದು ಸ್ಟೀಲ್ ಡ್ರಮ್ಮಿನದು ಕುಟ್ಟಿದ ಕೂಡಲೇ ಠಣ್ ಎಂದಿತು.

"ಇದು ನೋಡು! ಗಂಡು!" ಎಂದು ಮೀಸೆ ತಿರುವಿದರು.

"ಸಾರ್, ಅದು ಕಾರ್ ತೊಳೆಯೋರು ತಗೊಳ್ಳೋದು. ನೀರು, ಕೆಸರು ಎಳೆಯೋಕೆ. ನುಣ್ಣನೆ ಪುಡಿಗೆ ಆಗಲ್ಲ" ಎಂದು ಅನಿತ ಗೋಗರೆದಳು. ಕೇಳಿದರೆ ತಾನೇ! ಶಾಮಲಕ್ಕ ತುಂಡು ಹಾಸಿ, ಬಾಟಲಿ ಬಗ್ಗಿಸಿ, ಪುಡಿಯನ್ನು ಪಾದದಲ್ಲಿ ತಿಕ್ಕಿ ಕೂರಿಸಿದಳು. ಬಾವ ಸ್ವಿಚ್ ಹಾಕಿದರು. ಗಂಡು ಮೆಷಿನ್ ಮುಂದಿನಿಂದ ಎಳೆದದ್ದನ್ನೆಲ್ಲ ಹಿಂದಿನಿಂದ ಬುಸ್ಸೆಂದು ಬಿಟ್ಟಿತು. ಸಾಲಾಗಿದ್ದ ಟೀವಿಗಳು, ಫ್ರಿಜ್ಜುಗಳು, ಗಲ್ಲಾದ ಮೇಲಿನ ಲಕ್ಷ್ಮಿ, ಬಾವನ ಮೀಸೆ, ಎಲ್ಲದಕ್ಕೂ ವಿಭೂತಿ ಬಳಿದಂತಾಯಿತು. ನಾನು ನಕ್ಕು ನಕ್ಕು ಸೋಫಾದ ಮೇಲೆ ಕೂತುಬಿಟ್ಟೆ. ಪಾಪ, ಅಂಗಡಿ ಒರೆಸುವುದಕ್ಕೆ ಆಮೇಲೆ ನಾವೂ ಸೆರಗು ಕಟ್ಟಿ ನಿಂತೆವು ಅನ್ನಿ.

ಒರೆಸುತ್ತಲೇ ಶಾಮಲಕ್ಕ, "ನೀನು ಹೇಳಮ್ಮ, ನಿಮ್ಮನೇಲಿ ಮಗು ಇದ್ದಿದ್ರೆ ಯಾವುದು ತಗೊಳ್ತಿದ್ದೆ?" ಎಂದು ಅನಿತಳನ್ನು ಕೇಳಿದಳು. ಅವಳು ಬಾವ ಚಪ್ಪಡಿಗೆ ಸೇರಿಸಿದ್ದ ಒಂದು ನೀಲಿ ಪ್ಲಾಸ್ಟಿಕ್ಕಿನದನ್ನೇ ತಂದಳು. ಬಾಯಲ್ಲಿ ತಿರುಗುವ ಬ್ರಷ್, ಅದು ಕಾರ್ಪೆಟ್ಟಿನ ಬುಡದಿಂದ ಧೂಳು ಕೆದಕುತ್ತದೆ. ಹೊಟ್ಟೆಯಲ್ಲಿ ಬಾಯಿ ಬಿಗಿದ ಚೀಲ, ಹಿಂದೆ ದಟ್ಟನೆಯ ಫಿಲ್ಟರ್. ಅದೇ ಪುಡಿ, ಅದೇ ತುಂಡು. ಶಾಮಲಕ್ಕ ತುಂಡನ್ನು ಕೆನ್ನೆಗೆ ಉಜ್ಜಿಕೊಂಡು, ಮೆಷಿನ್ನಿನ ಬೆನ್ನ ಹಿಂದೆ ಕೈಯಿಟ್ಟು ನೋಡಿದಳು. ಕೈಯೂ ಚೊಕ್ಕ, ಕೆನ್ನೆಯೂ ಚೊಕ್ಕ. "ನಾದ ಇಲ್ಲ" ಎಂದು ಬಾವ ಗೊಣಗಿದರು. "ನಾದ ನಿಮ್ಮ ಗಣಪತಿಗಿರಲಿ, ಸುಮ್ಕಿರ್ರೀ" ಎಂದು ಬಾಯಿ ಮುಚ್ಚಿಸಿದಳು.

ಮನೆಗೆ ತಂದೆವು. ಇನ್ನು ಕಾರ್ಪೆಟ್ ಉಜ್ಜಿ, ಫೋನ್ ಮಾಡಿ, ಮಗುವನ್ನು ಕರೆಸಿಕೊಳ್ಳುವುದಷ್ಟೇ ಬಾಕಿ ಎಂದುಕೊಂಡೆ. ಆಗ ಬಾವ ಶುರು ಮಾಡಿದರು. ನಮ್ಮ ಮನೆತನದಲ್ಲಿ ಹೊಸ ಉಳಿ ಬಂದರೆ ಮನೆಯ ಅತಿ ಚಿಕ್ಕವರ ಕೈ ಸೋಕಿಸಿ, ಅರಿಶಿನ ಕುಂಕುಮ ಇಟ್ಟು, ಆಮೇಲೇ ಕೆಲಸಕ್ಕೆ. ಮೆಷಿನ್ನೂ ಆಯುಧವೇ ಅಂತೆ. ಮನೆಗೆ ಅತಿ ಚಿಕ್ಕವನು ವಂಶಿ.

"ಅಂಗಡೀಲಿ ಓಡಿಸಿದ್ದು?" ಎಂದೆ.

"ಅದು ಪರೀಕ್ಷೆ. ಕೆಲಸ ಅಲ್ಲ."

"ಮಗು ಬರಬೇಕಂದ್ರೆ ಧೂಳು ಹೋಗಬೇಕು. ಧೂಳು ಹೋಗಬೇಕಂದ್ರೆ ಮಗು ಬರಬೇಕು. ಹುಚ್ಚು ಬಿಡದೆ ಮದುವೆ ಆಗಲ್ಲ, ಮದುವೆ ಆಗದೆ ಹುಚ್ಚು ಬಿಡಲ್ಲ ಅಂದಂಗಾಯ್ತಲ್ಲ ಬಾವ!" ಎಂದು ಕೂಗಾಡಿದೆ. ಶಾಮಲಕ್ಕ ಮಾತ್ರ ಗಂಡನ ಪಕ್ಷ. ಮೊದಲ ಮೆಷಿನ್ನಿಗೆ ಈ ಶಾಸ್ತ್ರ ಮಾಡಲಿಲ್ಲ, ಅದಕ್ಕೇ ಸುಟ್ಟುಹೋಯಿತು ಎಂದು ಅವಳ ವಾದ. ಕೊನೆಗೆ ಮೆಷಿನ್ನನ್ನೇ ಮಗುವಿನ ಹತ್ತಿರ ಒಯ್ಯುವುದು ಎಂದಾಯಿತು. ಅದರ ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಮುಳಬಾಗಿಲಿಗೆ ಹೊರಟೆವು.

ಬೀಗರು ಅಮರನಾಥಾಚಾರಿ ಚಿನ್ನದ ಕೆಲಸದವರು. ಪಡಸಾಲೆಯ ಒಂದು ಬದಿಗೆ ಚಾಪೆ ಹಾಸಿ ಕೂತು ಒಡವೆ ಮಾಡುತ್ತಾರೆ. ನಾವು ಹೋದಾಗ ಕೈ ತೊಳೆಯಲು ಒಳಗೆ ಹೋಗಿದ್ದರು. "ರಾ ನಾ ಬಂಗಾರು, ರಾ, ಬಾ ನನ್ನ ಚಿನ್ನ" ಎಂದು ಶಾಮಲಕ್ಕ ತೆಲುಗು ಬೆರೆಸಿ ಮುದ್ದುಗರೆಯುತ್ತ ಕೈ ಚಾಚಿದ್ದೇ ತಡ, ವಂಶಿ ದಡದಡ ಅಂಬೆಗಾಲಲ್ಲಿ ಬಂದು ಅವಳನ್ನು ದಾಟಿ ಮೆಷಿನ್ನಿಗೆ ಅಂಟಿಕೊಂಡ. ಬಾವ ಕುಂಕುಮ ಇಟ್ಟರು. ರಂಜಿತ ಪ್ಲಗ್ ಹಾಕಿ ಮಗುವಿನ ಬೆರಳು ಹಿಡಿದು ಸ್ವಿಚ್ ಒತ್ತಿಸಿದಳು. ಗುರ್ ಎಂದಿತು. ವಂಶಿ ಕೇಕೆ ಹಾಕಿ ಕೊಳವೆಯನ್ನು ಎಳೆದ. ಅವನ ಖುಷಿ ನೋಡಿ ಶಾಮಲಕ್ಕ ಅವನ ಜೊತೆ ಕೊಳವೆ ಹಿಡಿದು ಕಂಡಲ್ಲೆಲ್ಲ ಆಡಿಸಿದಳು, ಕಂಡಲ್ಲೆಲ್ಲ ಎಂದರೆ ಬೀಗರ ಚಾಪೆಯ ಮೇಲೂ.

"ನಿಲ್ಸಿ! ನಿಲ್ಸೀ! ಚಿನ್ನ ಹೋಯ್ತು!" ಎಂದು ಅಮರನಾಥಾಚಾರಿ ಒದ್ದೆ ಕೈಯಲ್ಲೇ ಓಡಿಬಂದರು.

ಅಕ್ಕಸಾಲಿಗರ ಮನೆಯಲ್ಲಿ ಚಾಪೆಯ ಧೂಳನ್ನು ಎಸೆಯುವುದಿಲ್ಲ. ಒಡವೆಯನ್ನು ಅರದಲ್ಲಿ ಉಜ್ಜುವಾಗ ಉದುರಿದ ಚಿನ್ನದ ಪುಡಿ ಅದರಲ್ಲಿ ಬೆರೆತಿರುತ್ತದೆ, ಕೂಡಿಟ್ಟು ನೀರಲ್ಲಿ ಜಾಲಿಸಿ ಚಿನ್ನ ತೆಗೆಯುತ್ತಾರೆ. ಕಸದ ಚೀಲ ಬಿಚ್ಚಿ ಪೇಪರಿನ ಮೇಲೆ ಸುರಿದರೆ ಕೋಲಾರದ ಅಂಗಡಿಯಲ್ಲಿ ಎಳೆದ ನಮ್ಮ ಕಲ್ಲಿನ ಪುಡಿಯೂ ಅವರ ಚಿನ್ನದ ಪುಡಿಯೂ ಒಂದೇ ರಾಶಿ. ಬೀಗರಿಬ್ಬರೂ ಆ ರಾಶಿಯ ಎದುರು ಕುಕ್ಕರಗಾಲಲ್ಲಿ ಕೂತರು. ತುಳಸಮ್ಮನಿಗೆ ಸೀನು ಶುರುವಾಯಿತು. ಆ ಚೊಕ್ಕ ಪಡಸಾಲೆಯಲ್ಲಿ ಅಂಥ ಧೂಳು ಎಂದೂ ಎದ್ದಿರಲಿಕ್ಕಿಲ್ಲ.

"ನಿಮ್ಮ ಧೂಳಾದ್ರೆ ಚಿನ್ನ, ನಮ್ಮ ಧೂಳಾದ್ರೆ ಬರೀ ಧೂಳಾ ಬೀಗರೇ?" ಎಂದರು ಬಾವ, ಮೀಸೆಯಲ್ಲೇ ನಗುತ್ತ.

ಅಮರನಾಥಾಚಾರಿ ಮೊದಲು ನಕ್ಕರು. "ಬಿಡಿ, ಜಾಲಿಸಿದ್ರೆ ಕಲ್ಲು ಬೇರೆ ಚಿನ್ನ ಬೇರೆ ಆಗತ್ತೆ" ಎಂದರು. ಎಲ್ಲರೂ ನಗುವಾಗ ತುಳಸಮ್ಮ ಮಾತ್ರ ಸೀನುತ್ತ, ಮೂಗು ಒರೆಸುತ್ತ ಇದ್ದವರು ಹಾಗೇ ಕಣ್ಣನ್ನೂ ಒರೆಸಿಕೊಂಡರು.

"ಧೂಳೆಲ್ಲ ಬರೀ ನೆಪ ಕಣ್ರೀ ಶಾಮಲಮ್ನೋರೇ" ಎಂದರು. "ಬಾಣಂತನಕ್ಕೆ ಅಂತ ಮಗು ನಿಮ್ಮ ಮನೇಲಿದ್ದಾಗ ಅಷ್ಟು ತಿಂಗಳು ನಾನು ಹೆಂಗಿದ್ದೆ ಅಂತ ನಂಗೇ ಗೊತ್ತು. ಈಗ ಬೆಳಗೆದ್ದು ಅವನ ಮುಖ ನೋಡ್ದೆ ಇರೋಕಾಗಲ್ಲ. ಕಳಿಸಲ್ಲ ಅಂತ ಬಾಯಿ ಬಿಟ್ಟು ಹೇಳೋಕೆ ನಾಚಿಕೆ ಆಯ್ತು. ಧೂಳಿನ ಮೇಲೆ ಹಾಕ್ದೆ."

ನನಗಂತೂ ನಾಲಿಗೆ ತುದಿಗೆ ನಾಲ್ಕು ಮಾತು ಬಂದಿತ್ತು. ಅಷ್ಟರಲ್ಲಿ ಶಾಮಲಕ್ಕ ಎದ್ದುಹೋಗಿ ಬೀಗಿತ್ತಿಯ ಕೈ ಹಿಡಿದುಕೊಂಡಳು.

"ಅಯ್ಯೋ ಹುಚ್ಚಿ! ಅದಕ್ಕೇನಂತೆ? ನೀವೂ ಬಟ್ಟೆ ಕಟ್ಕೊಳ್ಳಿ. ಮಾವಿನಕಾಯಿ ಮುಗಿಯೋವರ್ಗೂ ನಮ್ಮನೇಲೇ ಇರಿ."

ಮಾರನೆಯ ದಿನ ತುಳಸಮ್ಮ ನಿಜಕ್ಕೂ ಬಂದರು, ಮಗುವನ್ನೂ ಸೊಸೆಯನ್ನೂ ಕರೆದುಕೊಂಡು. ಬಂದವರೇ ಸೆರಗು ಸಿಕ್ಕಿಸಿ ಮೆಷಿನ್ ಹಿಡಿದರು. ಗೋಡೆ ಮೂಲೆ, ಬಾಗಿಲ ಸಂದಿ, ಮಂಚದ ಕೆಳಗೆ, ಒಂದೂ ಬಿಡಲಿಲ್ಲ, ಬೇರೆಯವರ ಕೈಗೂ ಕೊಡಲಿಲ್ಲ. ಅದಕ್ಕಾಗಿ ಊರೂರು ಅಲೆದ ನಮ್ಮ ಶಾಮಲಕ್ಕ ಒಂದು ಸಲವೂ ಕೊಡಿ ಎಂದು ಕೇಳಲಿಲ್ಲ. ಕಾರ್ಪೆಟ್ಟಿನ ನಡುಮಧ್ಯೆ ಕಾಲು ಚಾಚಿ ಕೂತು, ಮಂಡಿಯ ಮೇಲೆ ಹತ್ತಿ ಇಳಿಯುತ್ತಿದ್ದ ವಂಶಿಯನ್ನು ನೋಡುತ್ತಿದ್ದಳು.

"ಕಾಲೆತ್ತಿ ಶಾಮಲಮ್ನೋರೇ, ನೀವು ಕೂತಿರೋ ಜಾಗ ಒಂದೇ ಉಳಿದಿರೋದು!" ಎಂದು ಮೆಷಿನ್ನಿನ ಸದ್ದಿನ ಮೇಲೆ ತುಳಸಮ್ಮ ಕೂಗಿದರು.

ಶಾಮಲಕ್ಕ ಎರಡೂ ಕಾಲೆತ್ತಿ, ಮಗುವನ್ನು ಅದಕ್ಕಿಂತ ಎತ್ತರಕ್ಕೆ ಎತ್ತಿ ಹಿಡಿದು, "ಬೇಗ ಎಳ್ಕೊಳ್ರೀ, ಬೀಳ್ತೀನಿ!" ಎಂದು ಗಟ್ಟಿಯಾಗಿ ನಕ್ಕಳು.