ಕೆಂಪಗೆ ಕಂಡ ಕಾಂಡ್ಲಾ ಕಾಡು

ಕಾಮೋಠೆಯ ನಮ್ಮ ಬಿಲ್ಡಿಂಗಿನ ಸತ್ಯಭಾಮಾಳ ಕಣ್ಣು ತಪ್ಪಿಸಿ ಏನನ್ನೂ ಬದಲಾಯಿಸುವ ಹಾಗಿಲ್ಲ. ಐರೋಲಿಯ ಆಫೀಸಿನಲ್ಲಿ ಅವಳ ಕೆಲಸವೇ ಅದು. ಉಪಗ್ರಹ ತೆಗೆದ ಒಂದೇ ಜಾಗದ ಹಳೆಯ, ಹೊಸ ಚಿತ್ರಗಳನ್ನು ಪಕ್ಕಪಕ್ಕ ಇಟ್ಟು, ಕಾಡು ಎಲ್ಲೆಲ್ಲಿ ಕರಗಿದೆ ಎಂದು ಗುರುತು ಹಾಕಬೇಕು. ಅಭ್ಯಾಸ ಮನೆಗೂ ಬಂದಿದೆ. ನಾನು ಹೊಸ ಪರದೆ ಹಾಕಿದರೆ ಅವಳಿಗೆ ಬಾಗಿಲಲ್ಲೇ ಗೊತ್ತಾಗುತ್ತದೆ. ನನ್ನ ಗಂಡನಿಗೆ ಇನ್ನೂ ಗೊತ್ತಾಗಿಲ್ಲ, ಆ ಮಾತು ಬೇರೆ.

ಅವಳ ಗಂಡ ಜಯಶೀಲ ಹೋಟೆಲ್ ಮ್ಯಾನೇಜರು. ವರ್ಷಗಟ್ಟಲೆ ಕುರ್ಚಿ ಜೋಡಿಸಿ, ಮೈಕ್ ಹೊತ್ತು, ಈ ಸಲ ಅಂತೂ ಇಲ್ಲಿ ನೆಲೆಸಿದ ನಮ್ಮ ಊರಿನವರ ಸಂಘದ ಕಾರ್ಯದರ್ಶಿಯಾಗಿದ್ದ. ಕ್ರೀಡೋತ್ಸವಕ್ಕೆ ಖಾಡಿಯ, ಅಂದರೆ ಸಮುದ್ರ ಒಳನುಗ್ಗಿದ ಹಿನ್ನೀರಿನ ಪಕ್ಕ ಮೈದಾನವೂ ಸಿಕ್ಕಿತ್ತು. ಅಧ್ಯಕ್ಷರ ಪರಿಚಯದ ಕಂಟ್ರಾಕ್ಟರ್ ಮಣ್ಣು ಸುರಿದು ಸಮ ಮಾಡಿಕೊಟ್ಟಿದ್ದ. ಆಮಂತ್ರಣದಲ್ಲಿ ಆಕಾಶದಿಂದ ತೆಗೆದ ಪಟವಿರಲಿ ಎಂಬ ಹುಮ್ಮಸ್ಸಿನಲ್ಲಿ, ಹೆಂಡತಿಯ ಲ್ಯಾಪ್‌ಟಾಪಿನಲ್ಲಿದ್ದ ಆ ಜಾಗದ ಚಿತ್ರವನ್ನು ಮೊಬೈಲಿನಲ್ಲಿ ಹೊಡೆದು ಸಂಘದ ಗ್ರೂಪಿಗೆ ಹಾಕಿಯೇಬಿಟ್ಟ.

ಸಂಜೆ ನಾನು ಅವರ ಮನೆಯಲ್ಲೇ ಚಹಾ ಕುಡಿಯುತ್ತಿದ್ದೆ. ಫೋನ್ ನೋಡಿದ ಸತ್ಯಭಾಮಾ ಹೌಹಾರಿದಳು.

"ಎಂತ ಇವ್ರೇ ಇದು?"

"ಚಂದ ಉಂಟಲ್ಲ? ಸುತ್ತ ಎಲ್ಲ ಕೆಂಪು, ನಮ್ಮ ಗ್ರೌಂಡ್ ಮಾತ್ರ ಕ್ಲೀನ್."

"ಕೆಂಪು ಅಂದ್ರೆ ಮರ. ಈ ಚಿತ್ರದಲ್ಲಿ ಹಸಿರು ಎಲೆ ಕೆಂಪಾಗಿಯೇ ಕಾಣುದು."

ಅವಳು ಹೋದ ವರ್ಷದ ಚಿತ್ರ ತೆರೆದಳು. ಅದರಲ್ಲಿ ಮೈದಾನದ ಜಾಗವೂ ಕೆಂಪಗಿತ್ತು.

"ಇಲ್ಲಿ ಕಾಂಡ್ಲಾ ಕಾಡಿತ್ತು. ಉಪ್ಪುನೀರಲ್ಲಿ ಬೆಳೆಯುವ ಮರ, ಕಡಿಲಿಕ್ಕೇ ಇಲ್ಲ. ನಾಳೆ ನಾನು ರಿಪೋರ್ಟ್ ಕೊಡ್ಬೇಕು."

"ಮತ್ತೆ ನನ್ನ ಕಾರ್ಯದರ್ಶಿ ಪದವಿ?"

"ಅದು ಉಪಗ್ರಹಕ್ಕೆ ಕಾಣುದಿಲ್ಲ."

ಹೇಳಿದಳೇನೋ ನಿಜ, ಆದರೆ ಅಡುಗೆಮನೆಗೆ ಹೋಗಿ ಕಣ್ಣೊರೆಸಿಕೊಂಡಳು. ಅವನ ಆಸೆ ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಮರುದಿನ ರಿಪೋರ್ಟ್ ಕೊಟ್ಟಳು.

ಅಧಿಕಾರಿಗಳು ಬಂದು ಮೈದಾನಕ್ಕೆ ಬೇಲಿ ಹಾಕಿದರು, ಕ್ರೀಡೋತ್ಸವ ನಿಂತಿತು. ಸಂಘದ ಸಭೆಯಲ್ಲಿ ಅಧ್ಯಕ್ಷರು ಕೆಂಡಾಮಂಡಲ.

"ನಮ್ಮೊಳಗಿನವರೇ ಯಾರೋ ಕಂಪ್ಲೇಂಟ್ ಕೊಟ್ಟಿದ್ದಾರೆ. ಯಾರಂತ ಈಗಲೇ ಗೊತ್ತಾಗ್ಬೇಕು."

ನನ್ನ ಪಕ್ಕ ಕೂತಿದ್ದ ಸತ್ಯಭಾಮಾ ಏಳಲು ಸೆರಗು ಸರಿಮಾಡಿಕೊಂಡಳು. ಅಷ್ಟರಲ್ಲಿ ವೇದಿಕೆಯ ಮೇಲಿದ್ದ ಜಯಶೀಲ ಮೈಕ್ ಎಳೆದುಕೊಂಡ.

"ನಾನೇ. ಕಾಡು ಹೋದ ಪಟವನ್ನು ಊರಿಗೆಲ್ಲ ಹಂಚಿದವ ನಾನೇ ಅಲ್ವಾ? ಅಧ್ಯಕ್ಷರೇ, ಅದಕ್ಕೆ ಮೊದಲು ಲೈಕ್ ಒತ್ತಿದ್ದು ನೀವು."

ಸಭೆ ನಕ್ಕಿತು, ಪದವಿ ಅವತ್ತೇ ಹೋಯಿತು. ಲೋಕಲ್ ರೈಲಿನಲ್ಲಿ ಮನೆಗೆ ಬರುವಾಗ ಸತ್ಯಭಾಮಾ ಎಲ್ಲರೆದುರೇ ಅವನ ಕೈ ಹಿಡಿದುಕೊಂಡು ಕೂತಿದ್ದಳು. ನನಗೆ, ಸುಳ್ಳೇಕೆ ಹೇಳಲಿ, ಹೊಟ್ಟೆಕಿಚ್ಚಾಯಿತು.