ಕುರ್ಚಿ ಹೊತ್ತು ಬಂದ ಮೇಡಂ

ನಮ್ಮ ವಿಜ್ಞಾನ ಕಾಲೇಜಿನ ನೆಲಮಾಳಿಗೆಯಲ್ಲಿ ಒಂದು ಹೊಲಿಗೆ ಕೋಣೆ ಇದೆ ಎಂಬುದು ಬಹಳ ಮಂದಿಗೆ ಗೊತ್ತಿಲ್ಲ. ಲ್ಯಾಬಿನಲ್ಲಿ ತೊಡುವ ಬಿಳಿ ಕೋಟುಗಳು ರಿಪೇರಿಗೆ ಅಲ್ಲಿಗೆ ಬರುತ್ತವೆ. ಆಸಿಡ್ ಬಿದ್ದು ತೂತಾದವು, ಜೇಬು ಹರಿದವು, ಗುಂಡಿ ಕಳಚಿದವು. ನಮ್ಮ ಯಜಮಾನರು ಇದೇ ಕಾಲೇಜಿನಲ್ಲಿ ಬಡಗಿಯಾಗಿದ್ದರು. ಅವರು ತೀರಿಕೊಂಡ ಮೇಲೆ ನನಗೆ ಈ ಕೆಲಸ ಕೊಟ್ಟರು. ಒಂದು ಮಿಷನ್ನು, ಬಟ್ಟೆ ಕತ್ತರಿಸುವ ಉದ್ದ ಮೇಜು, ಇಸ್ತ್ರಿ ಪೆಟ್ಟಿಗೆ, ಗೋಡೆಯ ಮೇಲ್ತುದಿಯಲ್ಲಿ ಒಂದು ಕಿಟಕಿ. ಆ ಕಿಟಕಿಯಲ್ಲಿ ಹೊರಗೆ ನಡೆಯುವವರ ಚಪ್ಪಲಿ, ಬೂಟು ಮಾತ್ರ ಕಾಣುತ್ತವೆ. ನಾನು ಹೇಳಹೊರಟಿರುವುದು ನನ್ನ ವಿಷಯವಲ್ಲ. ಆ ಕೋಣೆಗೆ ಕುರ್ಚಿ ಹೊತ್ತುಕೊಂಡು ಬಂದ ಒಬ್ಬ ಹೆಂಗಸಿನ ವಿಷಯ.

ಅವರನ್ನು ಕಾಲೇಜಿನವರು ನೇಮಿಸಿಕೊಂಡದ್ದು ಪಿಎಚ್‌ಡಿ ಮಾಡುವ ಮಕ್ಕಳಿಗೆ ದಾರಿ ತೋರಿಸಲು. ಓದು ಎಲ್ಲಿ ಸಿಕ್ಕಿಹಾಕಿಕೊಂಡಿದೆ, ಅದನ್ನು ಬಿಡಿಸುವುದು ಹೇಗೆ, ಮುಗಿದ ಮೇಲೆ ಯಾವ ಯಾವ ಕೆಲಸಕ್ಕೆ ಹೋಗಬಹುದು ಎಂದು ತಿಳಿಸಿಕೊಡಬೇಕು. ಅದಕ್ಕಾಗಿ ಮೊದಲ ಮಹಡಿಯಲ್ಲಿ ಗಾಜಿನ ಬಾಗಿಲಿನ ಚೆಂದದ ಕೋಣೆ ಕೊಟ್ಟರು. ಆದರೆ ಎದುರಿಗೇ ಮೇಷ್ಟ್ರುಗಳು ಟೀ ಕುಡಿಯುವ ಕೋಣೆ. ಯಾರು ಒಳಗೆ ಕೂತಿದ್ದಾರೆ, ಯಾರು ಕಣ್ಣು ಒರೆಸಿಕೊಳ್ಳುತ್ತಿದ್ದಾರೆ ಎಂದು ಅಲ್ಲಿಂದಲೇ ನೋಡಬಹುದು. ಒಂದು ಹುಡುಗಿ ಒಮ್ಮೆ ಹೋದಳಂತೆ. ಮಧ್ಯಾಹ್ನ ಅವಳ ಗೈಡು, "ಏನಮ್ಮಾ, ನನ್ನ ಮೇಲೆ ಚಾಡಿ ಹೇಳೋಕೆ ಹೋಗಿದ್ಯಾ?" ಎಂದು ನಗುತ್ತಲೇ ಕೇಳಿದರಂತೆ. ಆ ಮೇಲೆ ಅತ್ತ ಒಂದು ನರಪಿಳ್ಳೆಯೂ ಸುಳಿಯಲಿಲ್ಲ.

ಒಂದು ದಿನ ಈ ಮೇಡಂ ತಮ್ಮ ಚೀಲದ ಜಿಪ್ಪು ಹಾಕಿಸಲು ಕೆಳಗೆ ಬಂದರು. ನನ್ನ ಕೋಣೆಯಲ್ಲಿ ಇಬ್ಬರು ಮಕ್ಕಳು ಕೋಟು ತೊಡೆಯ ಮೇಲೆ ಹಾಕಿಕೊಂಡು ನೆಲದ ಮೇಲೆ ಕೂತು ತಮ್ಮ ಗೋಳು ತೋಡಿಕೊಳ್ಳುತ್ತಿದ್ದರು. ಮೇಡಂ ಜಿಪ್ಪಿನ ನೆಪದಲ್ಲಿ ಎಲ್ಲ ಕೇಳಿಸಿಕೊಂಡು ಹೋದರು. ಮರುದಿನ ಮಡಚುವ ಕುರ್ಚಿಯೊಂದನ್ನು ಹೊತ್ತುಕೊಂಡು ಮೆಟ್ಟಿಲಿಳಿದು ಬಂದರು.

"ಅಕ್ಕಾ, ಇದನ್ನ ಆ ಮೂಲೇಲಿ ಹಾಕ್ಕೊಳ್ಳಲಾ?"

"ಹಾಕ್ಕೊಳ್ಳಿ. ಇಸ್ತ್ರಿ ಪೆಟ್ಟಿಗೆ ವೈರು ಮಾತ್ರ ತುಳೀಬೇಡಿ. ಯಾಕೆ, ಮೇಲೆ ನಿಮಗೆ ಗಾಜಿನ ರೂಮು ಕೊಟ್ಟಿದಾರಲ್ಲ?"

"ಕೊಟ್ಟಿದಾರೆ. ತೊಟ್ಟಿ ಒಳಗಿನ ಮೀನಿನ ಥರ ಕೂತಿರ್ತೀನಿ. ಎಲ್ಲರೂ ನೋಡ್ಕೊಂಡು ಹೋಗ್ತಾರೆ, ಯಾರೂ ಮಾತಾಡ್ಸಲ್ಲ."

ಅಂದಿನಿಂದ ಮಕ್ಕಳ ಬಾಯಲ್ಲಿ ಅವರು ಕುರ್ಚಿ ಮೇಡಂ ಆದರು.

ಸುದ್ದಿ ಹರಡಲು ತಡವಾಗಲಿಲ್ಲ. ಕೋಟು ಕೊಡಲು ಬಂದವರನ್ನು ಯಾರೂ ಏನೂ ಕೇಳುವುದಿಲ್ಲವಲ್ಲ! ಆ ಚಳಿಗಾಲದಲ್ಲಿ ನನಗೆ ಬಂದಷ್ಟು ಗುಂಡಿಯ ಕೆಲಸ ಹಿಂದೆಂದೂ ಬಂದಿರಲಿಲ್ಲ. ತಾನಾಗಿ ಕಳಚಿದ ಗುಂಡಿಯ ಜಾಗದಲ್ಲಿ ದಾರ ಸವೆದು ನಾರು ನಾರಾಗಿರುತ್ತದೆ. ಇವು ಹಾಗಲ್ಲ, ಬ್ಲೇಡಿನಿಂದ ಕತ್ತರಿಸಿದವು. ಗುಂಡಿ ಜೇಬಿನಲ್ಲೇ ಇರುತ್ತಿತ್ತು. ಒಬ್ಬಳಂತೂ ಒಂದೇ ಗುಂಡಿಯನ್ನು ಮೂರನೇ ಸಲ ಕಿತ್ತುಕೊಂಡು ಬಂದಾಗ, "ತಾಯೀ, ಬಟ್ಟೇನೇ ತೂತಾಗುತ್ತೆ. ಸುಮ್ಮನೆ ಬಾ, ನಾನು ಯಾರಿಗೂ ಹೇಳಲ್ಲ" ಎಂದೆ. ಅವಳು ನಾಲಿಗೆ ಕಚ್ಚಿಕೊಂಡಳು.

ಮೇಡಂಗೆ ಐವತ್ತರ ಆಸುಪಾಸು. ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡು ಅದನ್ನೇ ಹುಡುಕುವ ಜಾತಿ. ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್ಕು. ಮನೆಯಲ್ಲಿ ಕಿವಿ ಕೇಳಿಸದ ಅತ್ತೆ, ಹೈಸ್ಕೂಲಿನ ಮಗಳು. ನಾನು ಒಮ್ಮೆ ಅವರ ಮನೆಗೆ ಹೋಗಿದ್ದಾಗ ಆ ಅತ್ತೆ ನನ್ನ ಹತ್ತಿರ, "ನನ್ನ ಸೊಸೆ ಊರ ಮಕ್ಕಳಿಗೆಲ್ಲ ಮಾತಾಡೋದು ಹೇಳ್ಕೊಡ್ತಾಳಂತೆ. ಮನೇಲಿ ನಂಗೊಂದೂ ಕೇಳ್ಸಲ್ಲ!" ಎಂದು ಜೋರಾಗಿ ದೂರು ಹೇಳಿದ್ದರು. ಮೇಡಂ ಪಕ್ಕದಲ್ಲೇ ನಿಂತು ನಗುತ್ತಿದ್ದರು.

ಅವರೂ ಒಂದು ಕಾಲಕ್ಕೆ ಇಂಥದೇ ಬಿಳಿ ಕೋಟು ತೊಟ್ಟವರು. ಬಣ್ಣಗಳ ರಸಾಯನಶಾಸ್ತ್ರದಲ್ಲಿ ಪಿಎಚ್‌ಡಿಗೆ ಸೇರಿ ಅರ್ಧ ದಾರಿ ನಡೆದಿದ್ದಾಗ ಅವರ ಗೈಡು ಬೇರೆ ಊರಿನ ಕೆಲಸಕ್ಕೆ ಹೊರಟುಹೋದರು. ಲ್ಯಾಬಿಗೆ ಬೀಗ ಬಿತ್ತು. ಇನ್ನೇನು ಮಾಡುವುದೆಂದು ತಿಳಿಯದೆ ಇವರು ಮನೆಗೆ ಹೋದರು. ಬೇರೆ ಗೈಡಿನ ಕೈಕೆಳಗೆ ಮುಂದುವರಿಸಬಹುದು ಎಂಬ ನಿಯಮ ಆಗಲೇ ಇತ್ತಂತೆ. ಅದು ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ, ಯಾವುದೋ ಸರ್ಟಿಫಿಕೇಟಿಗೆಂದು ಕಚೇರಿಗೆ ಹೋಗಿದ್ದಾಗ. "ನೀವು ಕೇಳಬೇಕಿತ್ತಮ್ಮ" ಎಂದನಂತೆ ಗುಮಾಸ್ತ. "ಯಾರನ್ನ ಕೇಳಬೇಕು ಅಂತಲೇ ಗೊತ್ತಿರ್ಲಿಲ್ಲ ಅಕ್ಕಾ" ಎಂದು ಮೇಡಂ ನನಗೆ ಹೇಳಿದರು. ಆ ನಡುವೆ ಬಣ್ಣದ ಕಾರ್ಖಾನೆ, ಸಾಬೂನು ಪರೀಕ್ಷೆ ಮಾಡುವ ಲ್ಯಾಬು, ಒಂದು ಶಾಲೆ ಎಂದು ನಾಲ್ಕಾರು ಕಡೆ ದುಡಿದರು. ಹಾಗಾಗಿ ಯಾವ ಬಾಗಿಲ ಹಿಂದೆ ಯಾವ ಕೆಲಸ ಇರುತ್ತದೆ ಎಂಬುದು ಅವರಿಗೆ ಅಂಗೈ ಗೆರೆಯಷ್ಟು ಪರಿಚಿತ.

ಅವರ ಕೆಲಸದ ರೀತಿ ಹೀಗಿತ್ತು. ಥೀಸಿಸ್ ಬರೆಯಲಾಗದೆ ಒದ್ದಾಡುವವರನ್ನು ಬೆಳಿಗ್ಗೆ ನನ್ನ ಮೇಜಿನ ಸುತ್ತ ಕೂರಿಸುವರು. ನನ್ನ ಮಿಷನ್ ಓಡುವಷ್ಟು ಹೊತ್ತು ಎಲ್ಲರೂ ಬರೆಯಬೇಕು, ಅದು ನಿಂತಾಗ ನಿಲ್ಲಿಸಬಹುದು. ನಾನು ದಾರ ಪೋಣಿಸಲು ನಿಲ್ಲಿಸಿದರೆ ಸಾಕು, "ಅಜ್ಜೀ, ಇನ್ನೊಂದು ಸಾಲು ಇತ್ತು!" ಎಂದು ಒಬ್ಬ, "ಅಜ್ಜೀ, ದೇವರು ನಿಮ್ಮನ್ನ ಚೆನ್ನಾಗಿಟ್ಟಿರ್ಲಿ!" ಎಂದು ಇನ್ನೊಬ್ಬ. ಇನ್ನು ಗೈಡಿನ ಹತ್ತಿರ ಮಾತಾಡುವ ವಿಚಾರ. ಮಕ್ಕಳ ಪರವಾಗಿ ಮೇಡಂ ಎಂದೂ ತಾವೇ ಮಾತಾಡುತ್ತಿರಲಿಲ್ಲ. ಏನು ಹೇಳಬೇಕೆಂದು ಇಲ್ಲಿ ಆಡಿಸಿ ನೋಡುವರು, ಬಾಗಿಲವರೆಗೆ ಜೊತೆಗೆ ಹೋಗಿ ಹೊರಗೆ ನಿಲ್ಲುವರು.

ಮೇಡಂ ಕೆಳಗೆ ಬಂದ ಎರಡನೇ ವರ್ಷದಲ್ಲಿ ಕೊಕ್ಕರೆ ಬಂದ. ಉದ್ದ ಕಾಲು, ಬಗ್ಗಿದ ಕುತ್ತಿಗೆ, ಅದಕ್ಕೇ ಆ ಹೆಸರು. ಅವನು ಸಾಸಿವೆ ಕಾಳಿಗಿಂತ ಚಿಕ್ಕ ನೀರಿನ ಹುಳುಗಳನ್ನು ಸಾಕುತ್ತಿದ್ದ. ನೀರಿನಲ್ಲಿ ಸ್ವಲ್ಪ ವಿಷ ಸೇರಿದರೂ ಅವು ಈಜುವುದನ್ನು ನಿಲ್ಲಿಸುತ್ತವಂತೆ. ಅವನು ಓದಿಗೆ ಸೇರಿ ಆರನೇ ವರ್ಷ ನಡೆಯುತ್ತಿತ್ತು. ಅಕ್ಕ ಭಾವನ ಮನೆಯ ಹಜಾರದಲ್ಲಿ ಮಲಗುತ್ತಿದ್ದ. ಭಾವ ದಿನವೂ, "ಇವತ್ತೆಷ್ಟು ಹುಳ ಎಣಿಸಿದ್ಯಪ್ಪಾ?" ಎನ್ನುತ್ತಿದ್ದನಂತೆ. ಥೀಸಿಸ್ ಮುಗಿಸುತ್ತೇನೆ ಎಂದಾಗಲೆಲ್ಲ ಗೈಡು "ಇನ್ನೊಂದು ಪ್ರಯೋಗ ಆಗಲಿ" ಎನ್ನುತ್ತಿದ್ದರು. ಅವರು ಕೆಟ್ಟವರಲ್ಲ, ತಮ್ಮ ಕೈಯಲ್ಲಿ ಕಲಿತವರೆಲ್ಲ ತಮ್ಮಂತೆಯೇ ಮೇಷ್ಟ್ರಾಗಬೇಕು ಎಂಬ ಹಟದವರು.

ಕೊಕ್ಕರೆ ಕೋಟನ್ನು ನೀಟಾಗಿ ಮಡಚಿ ನನ್ನ ಮೇಜಿನ ಮೇಲಿಟ್ಟ.

"ಏನು ಹರಿದಿದೆಯಪ್ಪಾ?"

"ಏನೂ ಹರಿದಿಲ್ಲ ಅಜ್ಜಿ. ಯಾರಿಗಾದ್ರೂ ಕೊಟ್ಬಿಡಿ. ನಾನು ಬಿಟ್ಟು ಹೋಗ್ತಿದೀನಿ."

ನಾನು ಮಿಷನ್ ನಿಲ್ಲಿಸಿದೆ. ಮೇಡಂ ಮೂಲೆಯಿಂದ ತಲೆ ಎತ್ತಿದರು. ಯಾಕೆ ಎಂದು ಕೇಳಲಿಲ್ಲ, ಬುದ್ಧಿಯನ್ನೂ ಹೇಳಲಿಲ್ಲ. "ಹೋಗುವಿಯಂತೆ. ಇವತ್ತು ಬೆಳಿಗ್ಗೆ ಲ್ಯಾಬಲ್ಲಿ ಏನೇನು ಮಾಡ್ದೆ, ಅಷ್ಟು ಹೇಳಿ ಹೋಗು" ಎಂದರು.

"ಏನಿಲ್ಲ ಮೇಡಂ. ನೀರು ಬದಲಾಯಿಸ್ದೆ. ಗಾಳಿ ಪಂಪು ಕೆಟ್ಟಿತ್ತು, ಬಿಚ್ಚಿ ಸರಿ ಮಾಡ್ದೆ. ಏಳು ಬಾವಿಗಳಿಂದ ನಿನ್ನೆ ತಂದಿದ್ದ ನೀರಿಗೆ ಹುಳ ಬಿಟ್ಟು ನೋಡ್ದೆ. ಹೊಸ ಹುಡುಗರಿಗೆ ಹೇಗೆ ನೋಡೋದು ಅಂತ ತೋರಿಸ್ದೆ. ಅಷ್ಟೇ."

"ಅಷ್ಟೇ ಅಂತೆ, ಕೇಳಿದ್ರಾ ಅಕ್ಕಾ!" ಮೇಡಂ ನಾನು ಅಳತೆ ಕತ್ತರಿಸುವ ಕಂದು ಕಾಗದದ ತುಂಡೊಂದನ್ನು ಎಳೆದುಕೊಂಡು ಅವನು ಹೇಳಿದ್ದನ್ನೇ ದೊಡ್ಡ ಅಕ್ಷರದಲ್ಲಿ ಬರೆದರು. "ಊರಿಗೆ ನೀರು ಬಿಡೋ ಇಲಾಖೆಯ ಲ್ಯಾಬಲ್ಲಿ ಇದನ್ನೇ ಮಾಡೋರು ಬೇಕಂತೆ. ಇನ್ನು ಹದಿನೈದು ದಿನಕ್ಕೆ ಇಂಟರ್‌ವ್ಯೂ. ಥೀಸಿಸ್ ಇಂಥ ತಿಂಗಳಿಗೆ ಮುಗಿಯುತ್ತೆ ಅಂತ ಗೈಡು ಬರೆದು ಕೊಟ್ರೆ ಸಾಕು. ಪಿಎಚ್‌ಡಿನೂ ಉಳಿಯುತ್ತೆ, ಕೆಲಸಾನೂ ಸಿಗಬಹುದು. ಇವತ್ತೇ ಬಿಟ್ಟು ಹೋದ್ರೆ ಎರಡೂ ಇಲ್ಲ."

ಕೊಕ್ಕರೆ ಒಂಟಿ ಕಾಲಿನ ಮೇಲೆ ನಿಂತು ಬಹಳ ಹೊತ್ತು ಕಾಗದ ನೋಡಿದ. "ಅವರು ಒಪ್ಪಲ್ಲ ಮೇಡಂ" ಎಂದ. ಆದರೆ ಹೋಗಲಿಲ್ಲ, ಕೂತ.

ಮೊದಲು ಇಂಟರ್‌ವ್ಯೂ ಅಭ್ಯಾಸ. ನಾನು, ಮೇಡಂ, ಜೊತೆಗೆ ಟ್ಯೂಬ್‌ಲೈಟ್ ಬದಲಾಯಿಸಲು ಏಣಿ ಹತ್ತಿದ್ದ ಕಾಲೇಜಿನ ಎಲೆಕ್ಟ್ರಿಷಿಯನ್. ಮೂವರೂ ಪ್ರಶ್ನೆ ಕೇಳುವ ಸಾಹೇಬರು. "ನಿಮ್ಮ ಬಗ್ಗೆ ಹೇಳಿ" ಎಂದು ಮೇಡಂ ಕೇಳಿದ್ದೇ ತಡ, ಕೊಕ್ಕರೆ ಪುರಾಣ ಬಿಚ್ಚಿದ. ಹುಳುವಿನ ಉದ್ದುದ್ದ ಹೆಸರುಗಳು ಬಂದವು. ನಾನು ಆಕಳಿಸಿದೆ. ಎಲೆಕ್ಟ್ರಿಷಿಯನ್‌ಗೆ ತಡೆಯಲಾಗಲಿಲ್ಲ.

"ಸಾರ್, ಅದೆಲ್ಲ ಬಿಡಿ. ನಮ್ಮನೆ ನಲ್ಲೀಲಿ ನೀರು ಹಳದಿ ಬರುತ್ತೆ. ಕುಡೀಬಹುದಾ ಬೇಡ್ವಾ?"

ಕೊಕ್ಕರೆಯ ಕುತ್ತಿಗೆ ನೆಟ್ಟಗಾಯಿತು. "ಬೆಳಿಗ್ಗೆ ಮೊದಲು ಬಿಟ್ಟಾಗ ಮಾತ್ರ ಹಳದೀನಾ, ಇಡೀ ದಿನಾನಾ? ಪೈಪು ಕಬ್ಬಿಣದ್ದಾ? ಪಕ್ಕದ ಮನೇಲೂ ಹಾಗೇ ಬರುತ್ತಾ?" ಒಂದೊಂದಾಗಿ ಕೇಳಿದ, ಕೇಳಿದ್ದು ಯಾಕೆಂದು ಹೇಳಿದ, ನಾಳೆ ಒಂದು ಬಾಟಲಿ ತನ್ನಿ ಎಂದ.

ಮೇಡಂ ಮೇಜು ಗುದ್ದಿದರು. "ಇದೇ ಕಣೋ! ಅಲ್ಲೂ ಹೀಗೇ ಮಾತಾಡು. ನೀನು ಎಷ್ಟು ಓದಿದೀಯ ಅಂತ ಅವರ ಮುಂದೆ ಕಾಗದದಲ್ಲೇ ಇರುತ್ತೆ."

ಉಳಿದದ್ದು ಗೈಡು. ಮೇಡಂ ತಾವೇ ಗೈಡಾಗಿ ಗಂಟು ಮುಖ ಹಾಕಿಕೊಂಡು ಕೂತು ಅವನಿಗೆ ಕಲಿಸಿದರು. ಮೊದಲು ಮುಗಿದದ್ದು ಹೇಳು. ಆಮೇಲೆ ಬಾಕಿ ಇರುವುದು. ಆಮೇಲೆ ಅವರಿಂದ ಏನು ಬೇಕು ಎಂಬುದು. "ತಪ್ಪಾಯ್ತು ಸರ್ ಅಂತ ಮಾತ್ರ ಶುರು ಮಾಡಬೇಡ. ನೀನು ಕ್ಷಮೆ ಕೇಳಿದ್ರೆ ಅವರು ಕ್ಷಮಿಸಿ ಇನ್ನೊಂದು ಕೆಲಸ ಕೊಡ್ತಾರೆ."

ಮರುದಿನ ಅವನು ಮೇಲೆ ಹೋಗಿ ಬಂದ. ಮುಖ ಸಪ್ಪಗಿತ್ತು.

"ಏನಂದ್ರು?"

"ಇನ್ನೊಂದು ಪ್ರಯೋಗ ಕೊಟ್ರು."

"ನೀನು ಏನಂದೆ?"

"...ತಪ್ಪಾಯ್ತು ಸರ್ ಅಂದೆ."

ನಾನು ಬಾಯಿಗೆ ಸೆರಗು ಒತ್ತಿಕೊಂಡೆ. ಮೇಡಂ ಜೋರಾಗಿಯೇ ನಕ್ಕರು, ಕೊನೆಗೆ ಅವನಿಗೂ ನಗು ಬಂತು. ನಗು ನಿಂತ ಮೇಲೆ ಮೇಡಂ ತಮ್ಮ ಕಥೆ ಹೇಳಿದರು, ಬೀಗ ಬಿದ್ದ ಲ್ಯಾಬು, ಕೇಳಬೇಕಿತ್ತಮ್ಮ ಎಂದ ಗುಮಾಸ್ತ, ಎಲ್ಲ. "ನನಗೆ ಆಗ ಬಾಗಿಲೇ ಕಾಣ್ಲಿಲ್ಲ. ನಿನಗೆ ಕಾಣ್ತಿದೆ. ಇನ್ನೊಂದು ಸಲ ತಟ್ಟು" ಎಂದರು.

ಎರಡನೇ ಸಲ ಹೊರಟಾಗ ಅವನ ಕೈಯಲ್ಲಿ ಬರೆದು ಮುಗಿಸಿದ ಅಧ್ಯಾಯಗಳ ಕಟ್ಟು ಇತ್ತು. ಮೇಡಂ ಎಂದಿನಂತೆ ಬಾಗಿಲ ಹೊರಗೆ ನಿಂತರು. ನಾನು ಒಂದು ಕಾಲರನ್ನು ತಪ್ಪಾಗಿ ಹೊಲಿದು ಬಿಚ್ಚಿ ಮತ್ತೆ ಹೊಲಿಯುವಷ್ಟು ಹೊತ್ತು ಆಯಿತು. ಆಮೇಲೆ ಇಬ್ಬರೂ ಇಳಿದು ಬಂದರು. ನಡೆದದ್ದನ್ನು ಕೊಕ್ಕರೆ ಇಬ್ಬರ ಪಾತ್ರವನ್ನೂ ತಾನೇ ವಹಿಸಿ ತೋರಿಸಿದ.

ಈ ಸಲ ಅವನು ಮೇಡಂ ಹೇಳಿಕೊಟ್ಟಂತೆಯೇ ಶುರು ಮಾಡಿದ್ದ. ನೀರಿನ ಇಲಾಖೆಯ ಮಾತು ಬಂದ ಕೂಡಲೇ ಗೈಡಿಗೆ ಸಿಟ್ಟು ನೆತ್ತಿಗೇರಿತು. "ಬಾಟಲಿಗೆ ನೀರು ತುಂಬೋಕೆ ಆರು ವರ್ಷ ನನ್ನ ಹತ್ರ ಕಲಿತ್ಯಾ?"

ಅದಕ್ಕೆ ಉತ್ತರ ಯಾರೂ ಹೇಳಿಕೊಟ್ಟಿರಲಿಲ್ಲ. ಆದರೂ ಕೊಕ್ಕರೆ, "ಸರ್, ಜನ ಕುಡಿಯೋ ನೀರು ಚೆನ್ನಾಗಿದೆಯಾ ಅಂತ ತಿಳಿಯೋಕೇ ಅಲ್ವಾ ನೀವು ಹುಳ ಸಾಕೋದು ಶುರು ಮಾಡಿದ್ದು? ಆ ನೀರು ಅಲ್ಲಿದೆ ಸರ್. ನಾನು ಅಲ್ಲಿಗೇ ಹೋಗ್ತೀನಿ ಅಂತಿದೀನಿ" ಎಂದನಂತೆ.

ಗೈಡು ಕೈ ಚಾಚಿ ಕಟ್ಟನ್ನು ತೆಗೆದುಕೊಂಡರಂತೆ. ಹೊಸ ಪ್ರಯೋಗವನ್ನು ಬೇರೆಯವರು ಮಾಡಲಿ, ಆದರೆ ಮೂರನೇ ಅಧ್ಯಾಯ ಪೂರ್ತಿ ತಿದ್ದಿ ಬರೆಯಬೇಕು, ಕೆಲಸಕ್ಕೆ ಸೇರಿದರೂ ಪ್ರತಿ ಶನಿವಾರ ಬಂದು ತೋರಿಸಬೇಕು ಎಂದರು. ಬೇಕಾಗಿದ್ದ ಪತ್ರವನ್ನು ಅಲ್ಲೇ ಬರೆದು ಕೊಟ್ಟರು.

ಇಂಟರ್‌ವ್ಯೂ ಆಯಿತು, ಕೆಲಸ ಸಿಕ್ಕಿತು. ಸದ್ಯಕ್ಕೆ ಒಂದು ವರ್ಷದ ಮಟ್ಟಿಗೆ ಮಾತ್ರ, ಮುಂದಿನದು ಥೀಸಿಸ್ ಮುಗಿದ ಮೇಲೆ. ಕೊಕ್ಕರೆ ಕೋಟು ವಾಪಸು ತೆಗೆದುಕೊಂಡು ಹೋದ. ಶನಿವಾರಗಳಂದು ಮೂರನೇ ಅಧ್ಯಾಯದ ಮೇಲೆ ಕೆಂಪು ಗೀಟು ಹಾಕಿಸಿಕೊಂಡು ನನ್ನ ಮಿಷನ್ ಪಕ್ಕ ಕೂತು ತಿದ್ದುತ್ತಾನೆ. ಭಾವ ಈಗ ಹುಳುವಿನ ಲೆಕ್ಕ ಬಿಟ್ಟು, ನಮ್ಮ ಬೀದಿಗೆ ನೀರು ಯಾವಾಗ ಬಿಡ್ತೀರಿ ಎಂದು ಪೀಡಿಸುತ್ತಾನಂತೆ.

ಕಳೆದ ವಾರ ಕಿಟಕಿಯಲ್ಲಿ ಒಂದು ಜೊತೆ ಕಪ್ಪು ಬೂಟು ಅತ್ತಿಂದಿತ್ತ ಎರಡು ಮೂರು ಸಲ ಓಡಾಡಿತು. ಆಮೇಲೆ ಮೆಟ್ಟಿಲಿಳಿದು ಬಂದದ್ದು ಕೊಕ್ಕರೆಯ ಗೈಡು. ಬೆಳಗಿನ ಹೊತ್ತು, ಮಕ್ಕಳು ಇನ್ನೂ ಬಂದಿರಲಿಲ್ಲ. ಬಾಗಿಲಲ್ಲೇ ನಿಂತು ಮೇಡಂ ಕಡೆ ನೋಡಿದರು.

"ನನ್ನ ಲ್ಯಾಬಲ್ಲಿ ಇನ್ನೊಬ್ಬಳಿದಾಳೆ. ಎರಡು ತಿಂಗಳಿಂದ ನನ್ನ ಮುಖ ತಪ್ಪಿಸಿ ಓಡಾಡ್ತಾಳೆ. ಇಲ್ಲಿಗೆ ಬರ್ತಾಳಾ?"

"ಯಾರು ಬರ್ತಾರೆ ಅಂತ ನಾನು ಹೇಳಲ್ಲ ಸರ್."

"ಹೇಳಬೇಡಿ." ಅವರು ಒಂದು ಹೆಜ್ಜೆ ಒಳಗೆ ಇಟ್ಟರು. "ನಾನು ಅವಳನ್ನ ಕರೆದು ಏನಂತ ಕೇಳಿದ್ರೆ ಅವಳು ಮಾತಾಡ್ತಾಳೆ, ಅದಾದ್ರೂ ಹೇಳ್ತೀರಾ?"

ಮೇಡಂ ಕನ್ನಡಕ ಇಳಿಸಿ ಹಾಕಿಕೊಂಡರು. "ಹೇಳ್ತೀನಿ ಸರ್. ಮೊದಲು ನಾನೇ ಅವಳು ಅಂದ್ಕೊಳ್ಳಿ. ಈಗ ಹೇಗೆ ಕರೀತೀರಿ, ಕರೀರಿ ನೋಡೋಣ."

ಗೈಡು ಗಂಟಲು ಸರಿಮಾಡಿಕೊಂಡು ಶುರು ಮಾಡಿದರು. ಮೊದಲ ಸಲ ದನಿ ಗದರಿದಂತಿತ್ತು. ಮೇಡಂ ಅಲ್ಲ ಎಂದು ತಲೆಯಾಡಿಸಿದರು. ಎರಡನೇ ಸಲ ಪರವಾಗಿಲ್ಲ.